‘ಏನೂ ಆಗಲ್ಲ’ ಅನ್ನಬಾರದು

ಜೂನ್ 4, ಬೆಳಿಗ್ಗೆ

ಮತ್ತೆ ಹಾಲು ಉಕ್ಕಿಸಿದೆ. ಮತ್ತೆ ಒಲೆ ಒರೆಸಿದೆ. ಆದರೆ ಕಾಫಿ ಮಾತ್ರ ಈ ಸಲ ಸೂಪರ್. ಲಿಫ್ಟ್‌ರಾಯನಿಗೆ ದೊಡ್ಡ ಕಪ್ಪಿನಲ್ಲಿ ಕೊಟ್ಟೆ, ಮುಗಿಯುವ ಮೊದಲೇ ಇನ್ನೊಮ್ಮೆ ತುಂಬಿಸಿದೆ, ಉಳಿದದ್ದನ್ನು ಕೆಂಪು ಮುಚ್ಚಳದ ಫ್ಲಾಸ್ಕಿಗೆ ಸುರಿದು ಅವನ ಟೂಲ್ ಬ್ಯಾಗಿನಲ್ಲಿ ಇಟ್ಟೆ. ದಿನವೂ ಹೀಗೇ. ಹಾಸ್ಟೆಲ್ಲಿನಲ್ಲಿ ನೀರು ಕಾಯಿಸಲೂ ರೂಮ್‌ಮೇಟನ್ನು ಎಬ್ಬಿಸುತ್ತಿದ್ದವಳು ನಾನು. ನನಗೂ ಈಗ ಒಂದು ರೂಟೀನ್.

ಲಿಫ್ಟ್‌ರಾಯ ಎಂದರೆ ನನ್ನ ಗಂಡ. ಹೊಸ ಡೈರಿಯಲ್ಲಿ ಈ ಪದವನ್ನು ಬರೆಯುವುದೇ ಒಂದು ಖುಷಿ. ಗಂಡ. ಇನ್ನೊಮ್ಮೆ — ಗಂಡ. ಎತ್ತರದ ಕಟ್ಟಡಗಳ ಲಿಫ್ಟ್ ಕೆಟ್ಟರೆ ಸರಿ ಮಾಡುವ ಎಂಜಿನಿಯರ್. ಅತ್ತೆಯ ಎದುರು ಅವನು ನನಗೆ ‘ರೀ’. ಬಾಗಿಲು ಹಾಕಿಕೊಂಡ ಮೇಲೆ ‘ನೀನು’. ಅತ್ತೆಗೆ ಇದು ಗೊತ್ತು. ನಿನ್ನೆ ಬಾಯಿ ತಪ್ಪಿ ಅಡುಗೆಮನೆಯಲ್ಲೇ ‘ಬಾರೋ’ ಅಂದುಬಿಟ್ಟೆ. ಅವರು ಪೇಪರಿನಿಂದ ತಲೆ ಎತ್ತದೆ, “ಬಾರೋ, ಕರೀತಿದ್ದಾಳೆ” ಅಂದರು.

ಬರೆಯಲು ಕುಳಿತದ್ದು ಬೇರೆಯದಕ್ಕೆ. ಬೆಳಿಗ್ಗೆ ಅವನ ಎದೆಯ ಮೇಲೆ ಕಿವಿ ಇಟ್ಟು ಮಲಗಿದ್ದೆ. ಒಳಗೆ ಓಟ. ನಡಿಗೆಯಲ್ಲ, ಓಟ.

“ಯಾಕೋ ಇಷ್ಟು ಓಡ್ತಿದೆ?”

“ನೀನು ಇಲ್ಲಿದ್ದೀಯಲ್ಲ.”

ಕರಗಿ ಹೋದೆ. ಅಕ್ಷರಶಃ. ಎಣಿಸಲಿಲ್ಲ. ಎಮರ್ಜೆನ್ಸಿ ವಾರ್ಡಿನ ಜೂನಿಯರ್ ಡಾಕ್ಟರ್ ನಾನು, ದಿನವಿಡೀ ಎಣಿಸುವುದೇ ನನ್ನ ಕೆಲಸ. ಮನೆಗೆ ಬಂದ ಮೇಲೆ ಯಾರ ನಾಡಿಯನ್ನೂ ಎಣಿಸುವುದಿಲ್ಲ ಎಂದು ಮದುವೆಯ ದಿನವೇ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ.

ಜೂನ್ 9

ಇವತ್ತು ಮೊದಲ ಸಲ ನಾನೇ ಅಡಿನೋಸಿನ್ ಕೊಟ್ಟೆ. ಕೈ ನಡುಗಲಿಲ್ಲ. ನಾಲಿಗೆ ಎಡವಿತು.

ಟೈಲರ್ ಅಂಗಡಿಯ ಹೆಂಗಸು. ಕೊರಳಲ್ಲಿ ಇನ್ನೂ ಅಳತೆ ಟೇಪು. ಎದೆ ಹುಚ್ಚು ಹಿಡಿದ ಹಾಗೆ ಹೊಡೆದುಕೊಳ್ಳುತ್ತಿತ್ತು. ಹೃದಯದೊಳಗೆ ಕರೆಂಟ್ ಹೋಗಬೇಕಾದ ದಾರಿ ಒಂದೇ. ಇಂಥವರಲ್ಲಿ ಅದು ಒಂದು ಅಡ್ಡದಾರಿ ಸಿಕ್ಕಿ, ಹೊರಬರಲಾಗದೆ ಗಿರಗಿರ ಸುತ್ತುತ್ತದೆ. ಅಡಿನೋಸಿನ್ ಆ ಸುತ್ತನ್ನು ಕಡಿಯುತ್ತದೆ. ಆದರೆ ರಕ್ತದಲ್ಲಿ ಅದರ ಆಯಸ್ಸು ಕೆಲವೇ ಕ್ಷಣ. ಆದ್ದರಿಂದ ಮೊಣಕೈ ಹತ್ತಿರದ ದೊಡ್ಡ ರಕ್ತನಾಳ. ಆದ್ದರಿಂದ ಇಬ್ಬರು. ಒಬ್ಬರು ಔಷಧಿಯನ್ನು ಒಮ್ಮೆಲೇ ತಳ್ಳಬೇಕು, ಇನ್ನೊಬ್ಬರು ಅದರ ಬೆನ್ನಿಗೇ ಸಲೈನ್ ತಳ್ಳಿ ಕೈಯನ್ನು ಮೇಲೆತ್ತಬೇಕು. ದಾರಿಯಲ್ಲಿ ತಡವಾದರೆ ಔಷಧಿ ಹೃದಯ ಮುಟ್ಟುವ ಮೊದಲೇ ಮುಗಿದಿರುತ್ತದೆ.

ನಮ್ಮ ವಾರ್ಡಿನಲ್ಲಿ ಮೇಡಂ ಮಾಡಿದ ಒಂದು ನಿಯಮ ಇದೆ. ಮೇಡಂ ಎಂದರೆ ಎಮರ್ಜೆನ್ಸಿಯ ಹಿರಿಯ ಡಾಕ್ಟರ್. ಅವರು ಕೆಮ್ಮಿದರೆ ಮಾನಿಟರುಗಳೂ ನೆಟ್ಟಗಾಗುತ್ತವೆ. ನಿಯಮ ಇಷ್ಟೇ: ಸೂಜಿ ಹಿಡಿದವರೇ, ಔಷಧಿ ಒಳಗೆ ಹೋದಾಗ ಏನನ್ನಿಸುತ್ತದೆ ಎಂದು ರೋಗಿಗೆ ಮೊದಲು ಹೇಳಬೇಕು. ತಮ್ಮದೇ ಮಾತಿನಲ್ಲಿ.

ನಾನು ಹೇಳಿದ್ದು: “ಏನೂ ಆಗಲ್ಲ ಅಕ್ಕ.”

ತಳ್ಳಿದೆ. ಸಿಸ್ಟರ್ ಸಲೈನ್ ತಳ್ಳಿದರು. ಮಾನಿಟರಿನಲ್ಲಿ ಗೆರೆ ಒಂದು ಸಲ ತೊದಲಿ, ಚಪ್ಪಟೆಯಾಯಿತು. ಅಕ್ಕನ ಕಣ್ಣು ದೊಡ್ಡದಾಯಿತು. ನನ್ನ ಕೋಟಿನ ತೋಳು ಹಿಡಿದುಕೊಂಡರು. ಆಮೇಲೆ — ಟಕ್. ಟಕ್. ಟಕ್. ಅಚ್ಚುಕಟ್ಟಾದ ಲಯ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು.

ಅಕ್ಕ ಕೊರಳಿನ ಟೇಪು ತೆಗೆದು ಸುತ್ತಿಟ್ಟುಕೊಂಡರು. ಆಮೇಲೆ ಮೆಲ್ಲಗೆ, “ಸತ್ತು ಬಂದೆ ಕಣಮ್ಮ. ನೀನು ಏನೂ ಆಗಲ್ಲ ಅಂದೆ” ಅಂದರು. ಕೋಪವಿರಲಿಲ್ಲ. ಅಂಗಡಿಯಲ್ಲಿ ಬಟ್ಟೆ ಕಡಿಮೆ ಬಂದಿದೆ ಎಂದು ಹೇಳುವ ದನಿ.

ಮೇಡಂ ನನ್ನನ್ನು ಔಷಧಿಯ ಟ್ರಾಲಿಯ ಹಿಂದಕ್ಕೆ ಕರೆದರು. “ಮಾತು ಸಿಹಿಯಾಗಿದೆ ನಿಂದು. ಆದರೆ ಸುಳ್ಳು. ಆ ಕ್ಷಣದಲ್ಲಿ ಅವರಿಗೆ ಹಿಡ್ಕೊಳ್ಳೋಕೆ ಇರೋದು ನಿನ್ನ ಮಾತು ಒಂದೇ. ಅದೂ ಸುಳ್ಳಾದ್ರೆ ಏನು ಹಿಡ್ಕೋತಾರೆ?”

“ಹೆದರ್ತಾರೆ ಅಂತ ಮೇಡಂ...”

“ಹೆದರಲಿ. ಒಬ್ಬರೇ ಹೆದರಬಾರದು, ಅಷ್ಟೇ.”

ಜೂನ್ 10

ಬೆಳಗಿನ ತಿಂಡಿಯ ಮೇಜಿನಲ್ಲಿ ಇಬ್ಬರಿಗೂ ಕಥೆ ಹೇಳಿದೆ. ಅಭಿನಯ ಸಮೇತ. ಚಮಚವೇ ಸಿರಿಂಜು.

ಅತ್ತೆ ಕೇಳಿ, “ಸ್ಕೂಲಲ್ಲಿ ನಾನೂ ಹಾಗೇ ಮಾಡ್ತಿದ್ದೆ. ಗಲಾಟೆ ಮಾಡೋ ಕ್ಲಾಸಿಗೆ ಒಂದು ಸೀಟಿ. ಎಲ್ಲರೂ ಗಪ್‌ಚಿಪ್. ಆಮೇಲೆ ಮೊದಲಿಂದ ಡ್ರಿಲ್ಲು” ಅಂದರು. ಮೂವತ್ತು ವರ್ಷ ಪಿಟಿ ಟೀಚರ್ ಆಗಿದ್ದವರು. ಸೀಟಿ ಈಗಲೂ ಬೀಗದ ಕೈ ಗೊಂಚಲಿನಲ್ಲಿ ನೇತಾಡುತ್ತದೆ.

ಲಿಫ್ಟ್‌ರಾಯ ತಿನ್ನುವುದನ್ನೇ ಬಿಟ್ಟು ಕೇಳುತ್ತಿದ್ದ. “ಅಂದ್ರೆ ಆಫ್ ಮಾಡಿ ಆನ್ ಮಾಡೋದು. ಲಿಫ್ಟ್ ಕಂಟ್ರೋಲರ್ ಹ್ಯಾಂಗ್ ಆದಾಗ ನಾವೂ ಅದನ್ನೇ ಮಾಡೋದು.”

“ಕರೆಕ್ಟ್.”

“ಆನ್ ಆಗ್ದೇ ಇದ್ರೆ?”

“ಆಗುತ್ತೆ. ಪಕ್ಕದಲ್ಲೇ ಎಲ್ಲಾ ರೆಡಿ ಇಟ್ಕೊಂಡಿರ್ತೀವಿ.”

“ಯಾರಿಗೆ ಬರುತ್ತೆ ಇದು? ವಯಸ್ಸಾದವರಿಗಾ?”

“ಯಾರಿಗೆ ಬೇಕಾದ್ರೂ. ಹುಟ್ಟಿನಿಂದಲೇ ಅಡ್ಡದಾರಿ ಇರುತ್ತೆ.”

“ತುಂಬ ನೋವಾಗುತ್ತಾ?”

ನನ್ನ ಕೆಲಸದ ಬಗ್ಗೆ ಇಷ್ಟು ಪ್ರಶ್ನೆ ಕೇಳುವ ಗಂಡ ಯಾರಿಗೆ ಸಿಗುತ್ತಾನೆ. ನನ್ನ ಬ್ಯಾಚಿನ ಹುಡುಗಿಯರ ಗಂಡಂದಿರು ‘ಡ್ಯೂಟಿ ಮುಗೀತಾ’ ಎಂಬುದನ್ನು ಬಿಟ್ಟರೆ ಬೇರೇನೂ ಕೇಳುವುದಿಲ್ಲವಂತೆ. ಇನ್ನೊಂದು ಕಪ್ ಕಾಫಿ ಕೊಟ್ಟೆ. ನನ್ನ ಮುಖ ನೋಡಿದ, ಕಪ್ ನೋಡಿದ, ಕುಡಿದ. ಎಷ್ಟು ಮುದ್ದು.

ಜೂನ್ 17

ಪರದೆ ಬಟ್ಟೆ ತಂದೆವು. ಹಳದಿ. ಅತ್ತೆಗೆ ಹಸಿರು ಬೇಕಿತ್ತು. ಇಡೀ ದಾರಿ “ಹಳದಿ ಚೆನ್ನಾಗೇ ಇದೆ” ಎನ್ನುತ್ತಾ ಬಂದರು, ಅಂದರೆ ಚೆನ್ನಾಗಿಲ್ಲ.

ಮನೆಯ ಲಿಫ್ಟ್ ಬಂದ್. ಲಿಫ್ಟ್ ಎಂಜಿನಿಯರ್ ಇರುವ ಕಟ್ಟಡದಲ್ಲೇ. ನಗುತ್ತಾ ಮೆಟ್ಟಿಲು ಹತ್ತಿದೆವು. ನಡುವೆ ತಿರುಗಿ ನೋಡಿದರೆ ಅವನು ಮೆಟ್ಟಿಲ ಮೇಲೆ ಕುಳಿತು ಶೂ ಲೇಸ್ ಕಟ್ಟುತ್ತಿದ್ದಾನೆ. ಬಹಳ ಹೊತ್ತು ಕಟ್ಟಿದ. ಹಣೆಯೆಲ್ಲ ಬೆವರು.

“ಏನಾಯ್ತೋ?” ಅತ್ತೆ.

“ಏನೂ ಇಲ್ಲಮ್ಮ. ಲೇಸು.”

“ಲೇಸು ಕಟ್ಟೋಕೆ ಬೆವರ್ತಾರೇನೋ?”

“ನಿನ್ನ ಸೊಸೆ ಆರಿಸಿದ ಪರದೆ ಭಾರ ಕಣಮ್ಮ.”

ಮೂವರೂ ನಕ್ಕೆವು. ಪರದೆ ಹಾಕಿದ ಮೇಲೆ ರೂಮೆಲ್ಲ ಬಿಸಿಲು ತುಂಬಿದ ಹಾಗೆ ಕಾಣುತ್ತದೆ. ಐ ಲವ್ ದಿಸ್ ರೂಮ್.

ಜೂನ್ 21

ಸುಸ್ತು. ಇಡೀ ಡ್ಯೂಟಿ ಒಬ್ಬ ಅಜ್ಜನ ಪಕ್ಕ. ಹೃದಯದ ಕೆಳಗಿನ ಕೋಣೆಯಿಂದ ಶುರುವಾದ ಓಟ ಅವರದ್ದು, ಅಡಿನೋಸಿನ್‌ಗೆ ಬಗ್ಗುವ ಜಾತಿಯಲ್ಲ. ಅಮಿಯೋಡರೋನ್ ಹಾಕಿದೆವು. ಗ್ಲೂಕೋಸಿನಲ್ಲಿ ಬೆರೆಸಿ, ಪಂಪಿನಲ್ಲಿ, ತೊಟ್ಟು ತೊಟ್ಟಾಗಿ. ಒಂದು ಔಷಧಿ ಮಿಂಚು, ಇನ್ನೊಂದು ಮನೆಯ ಹಿರಿಯರ ಬುದ್ಧಿಮಾತು. ಆತುರ ಮಾಡಿದರೆ ಬಿಪಿ ಬೀಳುತ್ತದೆ. ಕಾಯಬೇಕು, ನೋಡುತ್ತಿರಬೇಕು, ಬಿಪಿ ಜಾರಿದರೆ ಶಾಕ್‌ಗೆ ಕೈ ಹಾಕಬೇಕು.

ಅಜ್ಜ ಕೇಳಿದರು, “ಏನಾಗುತ್ತೆ ಮಗಳೇ?”

ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. “ನಿಧಾನಕ್ಕೆ ಇಳೀಬಹುದು ತಾತ. ಇಳೀದೇ ಇದ್ರೆ ನಿದ್ದೆ ಬರಿಸಿ ಶಾಕ್ ಕೊಡ್ತೀವಿ. ತಲೆ ಸುತ್ತಿದ್ರೆ ತಕ್ಷಣ ಹೇಳಿ.”

“ಸರಿ. ಹಾಗಾದ್ರೆ ನನ್ನ ಹಲ್ಲಿನ ಸೆಟ್ ಈಗ್ಲೇ ತೆಗೆದಿಡು. ಶಾಕಲ್ಲಿ ಹಾರಿಹೋದ್ರೆ ಕಷ್ಟ.”

ಸಂಜೆಗೆ ಇಳಿಯಿತು. ಶಾಕ್ ಬೇಕಾಗಲಿಲ್ಲ. ಹಲ್ಲು ವಾಪಸ್ ಕೊಟ್ಟೆ. ನಿಜ ಹೇಳಿದರೂ ಜನ ಒಡೆದು ಹೋಗುವುದಿಲ್ಲ ಎಂಬುದು ನನಗೆ ಹೊಸ ವಿಷಯ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಎಲ್ಲರೂ ಎಲ್ಲರಿಗೂ ‘ಏನೂ ಇಲ್ಲ’ ಎಂದೇ ಹೇಳುತ್ತಿದ್ದೆವು.

ಜೂನ್ 29

ಬರೆಯಬೇಕು.

ಮಧ್ಯಾಹ್ನ. ಡ್ಯೂಟಿಯಲ್ಲಿದ್ದೆ. ಬಾಗಿಲು ತೆರೆಯಿತು, ಸ್ಟ್ರೆಚರ್ ಬಂತು, ಮೊದಲು ಕಂಡದ್ದು ಶೂ. ಬೆಳಿಗ್ಗೆ ನಾನೇ ಒರೆಸಿದ್ದ ಶೂ. ಆಮೇಲೆ ಮುಖ. ಬಿಳಿಚಿಕೊಂಡ ಮುಖ, ನನ್ನನ್ನು ಕಂಡು ನಗಲು ಪ್ರಯತ್ನ.

“ಏನೂ ಇಲ್ಲ,” ಅಂದ. “ಸ್ವಲ್ಪ ಗ್ಯಾಸು.”

ಕುತ್ತಿಗೆಯಲ್ಲಿ ನರ ಕುಣಿಯುತ್ತಿತ್ತು. ಕೈ ತಾನಾಗಿಯೇ ಅವನ ಮಣಿಕಟ್ಟಿಗೆ ಹೋಯಿತು. ಎಣಿಸಲು ಆಗಲಿಲ್ಲ, ಅಷ್ಟು ವೇಗ. ಮಾನಿಟರ್ ಹೇಳಿತು — ನೂರ ತೊಂಬತ್ತು.

ಕರೆತಂದವರು ಅವನ ಸೂಪರ್‌ವೈಸರ್. ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುತ್ತಿದ್ದನಂತೆ. ತಟ್ಟನೆ ಸ್ವಿಚ್ ಬಂದ್ ಮಾಡಿ, ಹಗ್ಗ ಹಿಡಿದು ಹೊರಗೆ ಬಂದು, ಗೋಡೆಗೆ ಒರಗಿ ಕುಳಿತನಂತೆ. “ಆಗಾಗ ಹೀಗೆ ಕೂತ್ಕೋತಾರೆ ಡಾಕ್ಟ್ರೇ, ಐದು ಹತ್ತು ನಿಮಿಷಕ್ಕೆ ಸರಿ ಹೋಗುತ್ತೆ. ಇವತ್ತು ಹೋಗ್ಲಿಲ್ಲ.”

ಆಗಾಗ. ಆಗಾಗ ಅಂದರು. ಮೆಟ್ಟಿಲ ಮೇಲಿನ ಲೇಸು ನೆನಪಾಯಿತು. ಎದೆಯ ಮೇಲೆ ಕಿವಿ ಇಟ್ಟು ಕರಗಿ ಹೋದದ್ದು ನೆನಪಾಯಿತು. ಡಾಕ್ಟರ್ ಅಂತೆ ನಾನು. ಅಡ್ಡದಾರಿಯಲ್ಲಿ ಸಿಕ್ಕಿಕೊಂಡ ಹೃದಯಕ್ಕೆ ಕಿವಿ ಇಟ್ಟು, ಪ್ರೀತಿ ಎಂದುಕೊಂಡು, ಇದೇ ಡೈರಿಯಲ್ಲಿ ಬರೆದಿಟ್ಟವಳು.

ಮೇಡಂ ಬಂದರು. ಇಸಿಜಿ ನೋಡಿದರು. ಬಿಪಿ ಇದೆ, ಪ್ರಜ್ಞೆ ಇದೆ. ಹಾಗಾದರೆ ಶಾಕ್ ಅಲ್ಲ, ಔಷಧಿ. ನನ್ನ ಕಡೆ ತಿರುಗಿದರು. “ನೀನು ಈಗ ಡ್ಯೂಟಿ ಡಾಕ್ಟರ್ ಅಲ್ಲ. ಹೆಂಡತಿ. ಸಿರಿಂಜ್ ಮುಟ್ಟಬೇಡ.”

ಮೊದಲು ಔಷಧಿ ಇಲ್ಲದ ಉಪಾಯ. ಖಾಲಿ ಸಿರಿಂಜ್ ಬಾಯಿಗೆ ಕೊಟ್ಟು, ಒಳಗಿನ ದಂಡ ಜರುಗುವಷ್ಟು ಜೋರಾಗಿ ಊದಿಸುವುದು, ಆಮೇಲೆ ಥಟ್ಟನೆ ಮಲಗಿಸಿ ಕಾಲು ಎತ್ತುವುದು. ಹೊಟ್ಟೆ ಬಿಗಿದು ಸಡಿಲಿಸಿದಾಗ ಎಷ್ಟೋ ಸಲ ಓಟ ತಾನಾಗಿಯೇ ನಿಲ್ಲುತ್ತದೆ.

“ಅತ್ತೆ ಸೀಟಿ ಊದ್ತಾರಲ್ಲ, ಹಾಗೆ ಊದು,” ಅಂದೆ. ಮೇಡಂ ಎದುರಿಗೇ ಏಕವಚನ. ಊದಿದ. ಮುಖ ಕೆಂಪಾಯಿತು. ಸಿಸ್ಟರ್ ಕಾಲು ಎತ್ತಿದರು. ಗೆರೆ ಬಗ್ಗಲಿಲ್ಲ.

ಮೇಡಂ ಕೇಳಿದರು, “ಬೆಳಿಗ್ಗೆಯಿಂದ ಕಾಫಿ, ಟೀ ಎಷ್ಟು ಕುಡಿದಿದ್ದೀರಿ?”

ಇದು ಕೇಳಲೇಬೇಕಾದ ಪ್ರಶ್ನೆ. ಕಾಫಿ ಒಳಗಿದ್ದರೆ ಅದು ಅಡಿನೋಸಿನ್ ಕೂರಬೇಕಾದ ಕುರ್ಚಿಯಲ್ಲಿ ಮೊದಲೇ ಕೂತಿರುತ್ತದೆ. ಔಷಧಿ ಬಂದು ನಿಂತೇ ವಾಪಸ್ ಹೋಗುತ್ತದೆ.

ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು. ಕಪ್ ಹಿಡಿದಾಗಿನ ನೋಟ.

“ಒಂದು ಕಪ್,” ಅಂದ.

“ಇಲ್ಲ ಮೇಡಂ. ಬೆಳಿಗ್ಗೆ ಎರಡು, ದೊಡ್ಡ ಕಪ್ಪಲ್ಲಿ. ನಾನೇ ಕೊಟ್ಟಿದ್ದು. ಸ್ಟ್ರಾಂಗ್. ಆಮೇಲೆ ಫ್ಲಾಸ್ಕೂ ಇದೆ.” ನನ್ನ ದನಿ ಬೇರೆ ಯಾರದೋ ಥರ ಕೇಳಿಸಿತು. “ಫ್ಲಾಸ್ಕ್ ಕುಡಿದ್ಯಾ? ನಿಜ ಹೇಳು.”

ಕಣ್ಣು ಮುಚ್ಚಿಕೊಂಡ. “ಫ್ಲಾಸ್ಕಿಂದು ದಿನಾ ನಮ್ಮ ಬಿಲ್ಡಿಂಗ್ ವಾಚ್‌ಮನ್‌ಗೆ ಕೊಡ್ತಿದ್ದೆ. ಇವತ್ತು ಅವನು ರಜ. ನೀನು ಮಾಡಿದ್ದು, ಚೆಲ್ಲೋಕೆ ಮನಸ್ಸು ಬರ್ಲಿಲ್ಲ... ಪೂರ್ತಿ ಕುಡಿದೆ.”

ಸಿಸ್ಟರ್ ಮುಖ ಬೇರೆ ಕಡೆ ತಿರುಗಿಸಿದರು. ನಗು ಬಂದಿತ್ತೋ ಅಳು ಬಂದಿತ್ತೋ ಗೊತ್ತಿಲ್ಲ. ನನಗೆ ಎರಡೂ.

ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಸರಿ. ಮೊದಲ ಡೋಸ್ ಕೆಲಸ ಮಾಡದೇ ಇರಬಹುದು. ದುಪ್ಪಟ್ಟಿಂದೂ ಲೋಡ್ ಮಾಡಿ ಇಡಿ ಸಿಸ್ಟರ್.” ಶಾಕ್ ಪ್ಯಾಡ್ ಅಂಟಿಸಿದರು. ಆಮೇಲೆ ನನಗೆ, “ಕೊಡೋದು ನಾನು. ಹೇಳೋದು ನೀನು ಹೇಳು.”

ಅವನ ತಲೆಯ ಪಕ್ಕ ಬಗ್ಗಿದೆ.

“ಕೇಳು. ಔಷಧಿ ಹೋದ ತಕ್ಷಣ ಎದೆ ಮೇಲೆ ಯಾರೋ ಕೂತ ಹಾಗೆ ಆಗುತ್ತೆ. ಮುಖ ಬಿಸಿಯಾಗುತ್ತೆ. ಉಸಿರು ಸಿಗ್ತಿಲ್ಲ ಅನ್ನಿಸುತ್ತೆ. ಸಾಯ್ತಿದ್ದೀನಿ ಅಂತಾನೇ ಅನ್ನಿಸುತ್ತೆ. ಹೃದಯ ನಿಜವಾಗ್ಲೂ ಕೆಲವು ಕ್ಷಣ ನಿಲ್ಲುತ್ತೆ, ನಿಲ್ಲಿಸೋಕೇ ಕೊಡೋದು. ಆಮೇಲೆ ಶುರುವಾಗುತ್ತೆ. ಆಗದೇ ಇದ್ರೆ ಏನು ಮಾಡ್ಬೇಕೋ ಅದೆಲ್ಲ ಇಲ್ಲೇ ರೆಡಿ ಇದೆ. ನಾನೂ ಇಲ್ಲೇ ಇದ್ದೀನಿ.”

ನನ್ನ ಕೈ ಹುಡುಕಿದ. “ನೀನು ಹೆದರಿದ್ದೀಯಾ?”

ಬಾಯಿಗೆ ಬಂತು. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಎರಡು ಪದ.

“ಹೂಂ,” ಅಂದೆ. “ತುಂಬ.”

“ಸರಿ ಹಾಗಾದ್ರೆ. ಆಫ್ ಮಾಡಿ.”

ಮೊದಲ ಡೋಸ್. ಮುಖ ಕಿವುಚಿದ. ಗೆರೆ ಒಮ್ಮೆ ಮುಗ್ಗರಿಸಿದ ಹಾಗೆ ಮಾಡಿ ಮತ್ತೆ ಓಡಿತು. ಕುರ್ಚಿ ಖಾಲಿ ಇರಲಿಲ್ಲ. ನಾನೇ ತುಂಬಿದ್ದೆ, ಕಪ್ಪುಗಟ್ಟಲೆ.

“ಇನ್ನೊಂದ್ಸಲ,” ಮೇಡಂ ಅಂದರು. ನಾನು ಮತ್ತೆ ಹೇಳಿದೆ, ಅದೇ ಮಾತು, ಚಿಕ್ಕದಾಗಿ: “ಈ ಸಲ ಇನ್ನೂ ಜೋರಾಗಿರುತ್ತೆ.” ಎರಡನೆಯದು ಹೋಯಿತು. ಬೆನ್ನಿಗೇ ಸಲೈನ್. ಸಿಸ್ಟರ್ ಅವನ ಕೈಯನ್ನು ಮೇಲೆತ್ತಿದರು.

ಗೆರೆ.

ಬರೀ ಗೆರೆ.

ಇದುವರೆಗೆ ಈ ಗೆರೆಯನ್ನು ನಾನು ಬಾಗಿಲ ಈಚೆಯಿಂದ ನೋಡಿದ್ದೆ. ಚಪ್ಪಾಳೆ ತಟ್ಟಬೇಕೆನಿಸಿದ್ದ ಜಾಗದಿಂದ. ಅದರೊಳಗೆ ಇಷ್ಟು ಜಾಗ ಇದೆ ಎಂದು ಗೊತ್ತಿರಲಿಲ್ಲ. ಹಳದಿ ಪರದೆ, ಟೂಲ್ ಬ್ಯಾಗು, ಅತ್ತೆಯ ಸೀಟಿ, ನಾವು ಇನ್ನೂ ಹೋಗದ ಊರುಗಳು — ಎಲ್ಲ ಅದರಲ್ಲಿ ಹಿಡಿಸಿತು. ಅವನ ಕಣ್ಣು ನನ್ನ ಮೇಲೇ ಇತ್ತು. ಭಯ ಇತ್ತು. ಆಶ್ಚರ್ಯ ಇರಲಿಲ್ಲ. ಟೈಲರ್ ಅಕ್ಕನ ಕಣ್ಣಲ್ಲಿ ಇದ್ದದ್ದು ಅದೇ, ಆಶ್ಚರ್ಯ. ನಾನು ಮೋಸ ಮಾಡಿದ್ದರ ಆಶ್ಚರ್ಯ.

ಟಕ್.

ಕಾದೆ.

ಟಕ್. ಟಕ್.

“ಬಂತು,” ಅಂದರು ಮೇಡಂ, ಪಕ್ಕದ ಬೆಡ್ಡಿಗೆ ಹೊರಡುತ್ತಾ. ಬಸ್ ಬಂತು ಎನ್ನುವ ಹಾಗೆ.

ಜುಲೈ 1

ಇನ್ನೂ ವಾರ್ಡಿನಲ್ಲಿದ್ದಾನೆ. ಚೆನ್ನಾಗಿದ್ದಾನೆ. ಎಂಬತ್ತು, ಎಪ್ಪತ್ತೆಂಟು, ಎಂಬತ್ತೆರಡು. ಈಗ ಎಣಿಸುತ್ತೇನೆ.

ಜಗಳ ಆಡಿದೆವು. ಮದುವೆಯಾದ ಮೇಲೆ ಮೊದಲ ಜಗಳ, ಅದೂ ಆಸ್ಪತ್ರೆಯಲ್ಲಿ, ಪಿಸುಮಾತಿನಲ್ಲಿ.

“ಕಾಲೇಜಿಂದ ಇದೆ ಅಂತೀಯ. ನಾನು ಡಾಕ್ಟರ್ ಕಣೋ. ಎದುರಿಗೇ ಇದ್ದೆ.”

“ಅದಕ್ಕೇ ಹೇಳ್ಲಿಲ್ಲ.”

“ಅಂದ್ರೆ?”

“ಇಡೀ ದಿನ ಇಂಥದ್ದೇ ನೋಡಿ ಮನೆಗೆ ಬರ್ತೀಯ. ನಗ್ತಾ ಬರ್ತೀಯ. ನನ್ನನ್ನ ನೋಡಿದಾಗ್ಲೂ ಪೇಷಂಟ್ ನೋಡೋ ಮುಖ ಮಾಡ್ಕೋಬೇಡ ಅನ್ನಿಸ್ತು.”

“ಆ ಕಾಫಿ?”

“ಕುಡಿದಾಗೆಲ್ಲ ಬರ್ತಿತ್ತು ಅಂತಲ್ಲ. ಕೆಲವು ಸಲ. ಆದ್ರೆ ನೀನು ಕಪ್ ಹಿಡ್ಕೊಂಡು ನಿಂತಿರೋವಾಗ ಬೇಡ ಅನ್ನೋಕೆ...”

ಕಾಫಿಯೇ ಕಾರಣ ಎನ್ನಲಾಗದು, ಅಡ್ಡದಾರಿ ಹುಟ್ಟಿನಿಂದಲೇ ಇತ್ತು ಎಂದು ಮೇಡಂ ಹೇಳಿದ್ದಾರೆ. ಗೊತ್ತು. ಆದರೂ ಆ ಫ್ಲಾಸ್ಕನ್ನು ಕಪಾಟಿನ ಹಿಂದಕ್ಕೆ ತಳ್ಳಿಟ್ಟು ಬಂದಿದ್ದೇನೆ. ನನ್ನ ಕಡೆ ಪ್ರೀತಿಯ ಹೆಸರಿನಲ್ಲಿ ತುಂಬುವುದು, ಅವನ ಕಡೆ ಪ್ರೀತಿಯ ಹೆಸರಿನಲ್ಲಿ ನುಂಗುವುದು. ನಡುವೆ ಒಬ್ಬ ವಾಚ್‌ಮನ್ ನಮ್ಮ ಸಂಸಾರವನ್ನು ಕಾಯುತ್ತಿದ್ದ.

ಜುಲೈ 3

ಮನೆಗೆ ಬಂದೆವು. ಅತ್ತೆ ಬಾಗಿಲಲ್ಲೇ ಮಗನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಿಂತುಬಿಟ್ಟರು. ಶೂ ಬಿಚ್ಚಲೂ ಬಿಡಲಿಲ್ಲ.

“ಊರಿನ ಮಕ್ಕಳ ನಾಡಿಯೆಲ್ಲ ಹಿಡಿದವಳು ನಾನು. ನನ್ನ ಮಗನೇ ಕೈ ಕೊಡ್ಲಿಲ್ಲ ನೋಡು.”

“ನೀನು ಓಡೋಕೆ ಬಿಡ್ತಿರಲಿಲ್ಲಮ್ಮ.”

“ಬಿಡ್ತಿರಲಿಲ್ಲ. ಅದಕ್ಕೇ ಅಮ್ಮ ಅನ್ನೋದು.”

ಸಂಜೆ ಅಭ್ಯಾಸಬಲದಿಂದ ಹಾಲು ಇಟ್ಟೆ. ಕಾಫಿ ಕಪ್ ಹಿಡಿದು ರೂಮಿಗೆ ಹೋದೆ. ಅವನು ಕಪ್ ನೋಡಿದ. ನನ್ನ ಮುಖ ನೋಡಿದ. ಆಮೇಲೆ —

“ಬೇಡ,” ಅಂದ.

ಒಂದೇ ಪದ. ಕಿವಿಯವರೆಗೆ ಕೆಂಪಾಗಿದ್ದ, ಪ್ರೊಪೋಸ್ ಮಾಡಿದ ದಿನದ ಹಾಗೆ. ನಾನು ಕಪ್ ಕೆಳಗಿಟ್ಟು ಅವನನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ನಡುಮನೆಯಿಂದ ಅತ್ತೆಯ ದನಿ: “ಸತ್ಯ ಹೇಳೋ ದಿನ ಅಂದ್ರೆ ನಂದೂ ಒಂದು ಬರ್ಕೊಳ್ಳಿ. ಆ ಕಾಫಿ ಕಹಿ ಕಣೆ. ಮೊದಲ ದಿನದಿಂದಲೂ.”

“ಪರದೆ?” ಅಂತ ಕೂಗಿದೆ.

“ಅದೂ.”

ಜುಲೈ 12, ಮಧ್ಯಾಹ್ನ

ನಾಳೆ ಪ್ರೊಸೀಜರ್. ತೊಡೆಯ ರಕ್ತನಾಳದಿಂದ ತೆಳ್ಳನೆಯ ತಂತಿ ಕಳುಹಿಸಿ, ಹೃದಯದ ಆ ಅಡ್ಡದಾರಿಯನ್ನು ಸುಟ್ಟು ಮುಚ್ಚುತ್ತಾರೆ.

ಇವತ್ತು ರಜ ಹಾಕಿದ್ದೇನೆ. ಬ್ಯಾಗ್ ತುಂಬಿದೆ. ಫ್ಲಾಸ್ಕನ್ನು ತೊಳೆದು ನೀರು ತುಂಬಿಸಿ ಇಟ್ಟಿದ್ದೇನೆ. ವಾಚ್‌ಮನ್ ಬೆಳಿಗ್ಗೆ ನೋಡಲು ಬಂದಿದ್ದರು. ಹೊರಡುವಾಗ ಮೆಲ್ಲಗೆ, “ಮೇಡಂ, ಕಾಫಿ ನಿಂತುಹೋಯ್ತಾ?” ಎಂದು ಕೇಳಿದರು. ಈ ಲೋಕದಲ್ಲಿ ನನ್ನ ಕಾಫಿಗೆ ಒಬ್ಬ ಅಭಿಮಾನಿ ಇದ್ದಾನೆ.

ಊಟವಾದ ಮೇಲೆ ಅತ್ತೆ ನನ್ನ ಪಕ್ಕ ಕುಳಿತರು. ಬೀಗದ ಕೈ ಗೊಂಚಲಿನಲ್ಲಿದ್ದ ಸೀಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ. “ಏನೂ ಆಗಲ್ಲ ತಾನೇ?”

ಅವರ ಕೈ ಹಿಡಿದುಕೊಂಡು ಹೇಳಿದೆ. ಬಹಳ ಜನರಿಗೆ ಒಂದೇ ಸಲಕ್ಕೆ ಸರಿಹೋಗುತ್ತದೆ. ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ. ತೀರಾ ಅಪರೂಪಕ್ಕೆ, ಒಳ್ಳೆಯ ದಾರಿಗೂ ಪೆಟ್ಟು ಬಿದ್ದು ಪೇಸ್‌ಮೇಕರ್ ಹಾಕಬೇಕಾಗಬಹುದು. ಎಲ್ಲ ಹೇಳಿದೆ. ಕೊನೆಗೆ, “ಹೂಂ. ಇನ್ನು ಸ್ವಲ್ಪ ಕಣ್ಣು ಮುಚ್ಕೋಬಹುದು. ಗೊತ್ತಿಲ್ದೇ ಇದ್ದಾಗ ಅದೂ ಆಗ್ತಿರಲಿಲ್ಲ” ಎಂದು ಎದ್ದುಹೋದರು.

ಅವನಿಗೂ ಹೇಳಿದ್ದೇನೆ. ಲಿಫ್ಟಿನ ಭಾಷೆಯಲ್ಲಿ ಅವನೇ ಅನುವಾದ ಮಾಡಿಕೊಂಡ. ಆಮೇಲೆ ಕಿಟಕಿಯ ಕಡೆ ನೋಡುತ್ತಾ, ಯಾರೂ ಕೇಳದಿದ್ದರೂ, “ಭಯ ಆಗ್ತಿದೆ” ಅಂದ. “ನಂಗೂ,” ಅಂದೆ. ಹಳದಿ ಪರದೆಯಿಂದ ಬಿಸಿಲು ಬೀಳುತ್ತಿತ್ತು. ಇಬ್ಬರೂ ಹಾಗೇ ಕುಳಿತಿದ್ದೆವು. ಮದುವೆಯ ಫೋಟೋಗಳಲ್ಲಿ ಒಂದರಲ್ಲೂ ನಾವು ಇಷ್ಟು ಹತ್ತಿರ ಕಾಣುವುದಿಲ್ಲ.

ಕರೆಯುತ್ತಿದ್ದಾನೆ. ನನ್ನ ಕಿವಿ ಎದೆಯ ಮೇಲೆ ಬೇಕಂತೆ. ಮನಸ್ಸಲ್ಲೇ ಎಣಿಸಬಾರದಂತೆ, ಜೋರಾಗಿ ಎಣಿಸಬೇಕಂತೆ, ಅವನಿಗೂ ಕೇಳಬೇಕಂತೆ. ಹೋಗುತ್ತೇನೆ. ಒಂದು, ಎರಡು, ಮೂ—